ಆರು ತುಂಬುವತನಕ ಮನೆಯೇ ಸಾಲಿ

“ಯಾಕ್ರೀ ಬಾಯರ, ಮಗಳನ್ನ ಇನ್ನೂ ಸಾಲಿಗಿ ಹಾಕಿಲ್ಲೇನ್ರಿ?”

ಜೂನ್ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಕಿರಾಣಿ ಅಂಗಡಿಯವರು ಕೇಳುತ್ತಾರೆ, ಬಸ್ಸಿನಲ್ಲಿ ಬಾಜೂ ಸೀಟಿನವರು ಕೇಳುತ್ತಾರೆ. ಉತ್ತರ ಮಾತ್ರ ಈಗ ಮೊದಲಿನ ಹಾಗೆ ಸರಳವಿಲ್ಲ. ಜೂನ್ 1ಕ್ಕೆ 6 ವರ್ಷ ತುಂಬಿರದ ಕೂಸಿಗೆ ಒಂದನೇ ಇಯತ್ತೆ ಇಲ್ಲ ಎಂದು ಸರ್ಕಾರ 2022ರಲ್ಲೇ ಆದೇಶ ಮಾಡಿತು. ಗಲಾಟೆ ಎದ್ದ ಮೇಲೆ 2025-26ರ ಸಾಲಿಗೆ 5 ವರ್ಷ 5 ತಿಂಗಳು ಎಂದು ಸಡಿಲ ಬಿಟ್ಟಿತು, ಅದೂ ಒಂದೇ ವರ್ಷದ ಮಟ್ಟಿಗೆ ಎಂದು ಹೇಳಿ. ಒಂದೆರಡು ತಿಂಗಳು ಕಡಿಮೆ ಬಿದ್ದ ಮಕ್ಕಳಿಗೆ ಇಡೀ ಒಂದು ವರ್ಷ ಕೈಯಲ್ಲಿ ಉಳಿಯುತ್ತದೆ. ಅಂಗನವಾಡಿಗೆ ಕಳಿಸುವವರು ಕಳಿಸುತ್ತಾರೆ, ಯು.ಕೆ.ಜಿ.ಗೆ ದುಡ್ಡು ತೆರುವವರು ತೆರುತ್ತಾರೆ. ಮನೆಯಲ್ಲೇ ಕೂಡಿಸಿಕೊಂಡು ಕಲಿಸುತ್ತೇವೆ ಅನ್ನುವವರೂ ಇದ್ದಾರೆ. ಮನೆಯಲ್ಲಿ ಏನು ಕಲಿಸಬೇಕು, ಎಲ್ಲಿಯವರೆಗೆ ಕಲಿಸಬಹುದು ಅನ್ನುವುದೇ ಇಲ್ಲಿಯ ಪ್ರಶ್ನೆ.

ಒಂದು ಮನೆ ಇಟ್ಟುಕೊಳ್ಳಿ. ಬನಹಟ್ಟಿಗೆ ವರ್ಗವಾಗಿ ಬಂದ ಬ್ಯಾಂಕ್ ನೌಕರರ ಮನೆ. ಕ್ಯಾಥೋಲಿಕ್ ಕುಟುಂಬ. ಮನೆಮಾತು ಕೊಂಕಣಿ. ಐದೂವರೆ ವರ್ಷದ ಮಗಳು. ಭಾನುವಾರದ ಬಲಿಪೂಜೆಗೆ ಬಸ್ಸು ಹತ್ತಬೇಕು. ಈ ಕಡೆ ಕ್ರೈಸ್ತರು ಅಂದ ಕೂಡಲೇ ಜನಕ್ಕೆ ನೆನಪಾಗುವುದು ಗುಳೇದಗುಡ್ಡದ ಬಾಸೆಲ್ ಮಿಷನ್. ಅದು 1851ರಷ್ಟು ಹಳೆಯದು, ಆದರೆ ಪ್ರೊಟೆಸ್ಟಂಟರದು. ಕಿಟೆಲ್ ಸಾಹೇಬರು 1894ರ ಶಬ್ದಕೋಶ ಮಾಡಿದ್ದು ಆ ಮಿಷನ್ನಿನವರಾಗಿ. ಕ್ಯಾಥೋಲಿಕರು ಬೇರೆ. ಪೋಪರನ್ನು ಒಪ್ಪುವವರು, ಜಪಸರ ಹಿಡಿಯುವವರು. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದಲೂ ಇದ್ದಾರೆ. ಈ ನಾಲ್ಕು ಊರುಗಳಲ್ಲಿ ಮಾತ್ರ ಮನೆಗಳು ಕಡಿಮೆ, ಇರುವವರಲ್ಲಿ ನೌಕರಿಯ ಮೇಲೆ ಬಂದವರೂ ಇದ್ದಾರೆ.

ಇಂಥ ಮನೆಯ ತಾಯಿಗೆ ಮೊದಲು ಕಣ್ಣಿಗೆ ಬೀಳುವುದು ಅಮೆರಿಕದ ಮಾದರಿ. ವರ್ಜೀನಿಯಾದ ಸೀಟನ್ ಹೋಂ ಸ್ಟಡಿ ಸ್ಕೂಲ್ ಎಂಬ ಕ್ಯಾಥೋಲಿಕ್ ಸಂಸ್ಥೆ 1980ರ ದಶಕದಿಂದ ಮನೆ ಮನೆಗೆ ಪುಸ್ತಕ, ಟೈಂಟೇಬಲ್ ಕಳಿಸಿಕೊಡುತ್ತದೆ. ಅಲ್ಲಿ ಮನೆಪಾಠಕ್ಕೆ ಕಾನೂನಿನ ಒಪ್ಪಿಗೆ ಇದೆ. ಜರ್ಮನಿಯಲ್ಲಿ ಮಾತ್ರ ಅದಕ್ಕೆ ಅವಕಾಶವಿಲ್ಲ, ಸಾಲಿಗೆ ಕಳಿಸಲೇಬೇಕು. ಅಮೆರಿಕದ ಪುಸ್ತಕ ಕೆಟ್ಟದ್ದೇನಲ್ಲ. ಆದರೆ ಅಲ್ಲಿಯ ಲೆಕ್ಕ ಡಾಲರ್, ಸೆಂಟು, ಇಂಚಿನದು. ಬನಹಟ್ಟಿಯ ಕೂಸಿಗೆ ಅದನ್ನು ತಿಳಿಸಿ ಹೇಳುವಷ್ಟರಲ್ಲೇ ಅರ್ಧ ವರ್ಷ ಹೋಗುತ್ತದೆ. ಅಷ್ಟು ದುಡ್ಡು ಸುರಿಯುವ ಅಗತ್ಯವಿಲ್ಲ. ಬೇಕಾದ ಸಾಮಾನೆಲ್ಲ ಇದೇ ಊರಿನಲ್ಲಿ ಬಿದ್ದಿದೆ.

ರ, ಗ, ಸ, ದ, ಅ

ಅಕ್ಷರಕ್ಕೆ ಬಹಳ ಜನ ಅ-ಆ-ಇ-ಈ ಎಂದೇ ಶುರು ಮಾಡುತ್ತಾರೆ. ಸರ್ಕಾರಿ ಸಾಲಿಯ ನಲಿ-ಕಲಿಯಲ್ಲಿ ಹಾಗಿಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಕಾರಣ ಸರಳ. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದಿಬಿಡಬಹುದು. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಅಕ್ಷರ ಕಲಿತ ವಾರದಲ್ಲೇ ಕೂಸು “ನಾ ಓದೀನಿ” ಅನ್ನುತ್ತದೆ. ಮುಂದಿನ ಗುಂಪುಗಳಲ್ಲಿ ಜ, ಪ ಸೇರಿಕೊಂಡರೆ ಈ ಮನೆಯ ಮಗಳು ಗೋಡೆಗೆ ನೇತುಹಾಕಿದ ‘ಜಪಸರ’ವನ್ನೂ ಓದುತ್ತಾಳೆ. ಅಲ್ಲಿಗೆ ಅರ್ಧ ಗೆದ್ದಂತೆ.

ಬರೆಯುವುದಕ್ಕೆ ಅವಸರ ಬೇಡ. ಈ ಭಾಗದ ಹಳೆಯ ಗಾವಠಿ ಸಾಲಿಗಳಲ್ಲಿ ಮಕ್ಕಳು ಮರಳ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಪಾಟಿ-ಬಳಪ ಬರುವುದು ಆಮೇಲೆ. ಐದು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಪುಟ ಬರೆಸುವ ಈಗಿನ ಚಾಳಿಗಿಂತ ಆ ಮರಳೇ ವಾಸಿ. ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು, ಇಷ್ಟೇ ಪಾಠ. ಉಳಿದದ್ದು ಆಟ, ಮಾತು, ಕೆಲಸ.

ಮಾತಿನ ವಿಷಯ ಇಲ್ಲಿ ಸ್ವಲ್ಪ ಬಿಗಿ. ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ “ಬರ್ತೀಯೇನ್ಲೇ”, ಪ್ರಾರ್ಥನೆಯಲ್ಲಿ ಪುಸ್ತಕದ ಕನ್ನಡ, ಟಿ.ವಿ.ಯಲ್ಲಿ ಇಂಗ್ಲಿಷು. ಹೀಗಾದರೆ ಕೂಸಿಗೆ ತಲೆ ಕೆಡುವುದಿಲ್ಲವೇ ಎಂದು ಹೆದರುವವರಿದ್ದಾರೆ. ಗಡಿನಾಡಿನ ಮಕ್ಕಳು ಮರಾಠಿ-ಕನ್ನಡ ಎರಡನ್ನೂ ತೊಟ್ಟಿಲಿನಿಂದಲೇ ಆಡುತ್ತ ಬಂದವರು, ಯಾರ ತಲೆಯೂ ಕೆಟ್ಟಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ (1962-65) ನಡೆಯುವವರೆಗೆ ಬಲಿಪೂಜೆಯೇ ಲ್ಯಾಟಿನ್ನಿನಲ್ಲಿತ್ತು. ಈಗ ಕನ್ನಡದಲ್ಲಿದೆ, ಮಗಳಿಗೆ ಕನ್ನಡ ಬಂದರೆ ಪೂಜೆಯೂ ತಿಳಿಯುತ್ತದೆ.

ಜಪಸರದ ಹತ್ತು, ಅಂಗಡಿಯ ದೀಡು

ಲೆಕ್ಕಕ್ಕೆ ಮಣಿ ಕೊಳ್ಳುವುದೇ ಬೇಡ. ಜಪಸರದ ಸುತ್ತಿನಲ್ಲಿ ಹತ್ತತ್ತು ಮಣಿಯ ಐದು ಗುಂಪು, ನಡುವೆ ಒಂದೊಂದು ಬಿಡಿ ಮಣಿ. ‘ಹತ್ತು’ ಎಂಬುದು ಒಂದು ಕಟ್ಟು ಎಂದು ತಿಳಿಸುವುದೇ ಒಂದನೇ ಇಯತ್ತೆಯ ದೊಡ್ಡ ಪಾಠ. ಈ ಕೂಸು ಅಜ್ಜಿಯ ಕೈಯಲ್ಲಿ ಅದನ್ನು ದಿನಾ ನೋಡುತ್ತದೆ. (ಪ್ರಾರ್ಥನೆಯ ಹೊತ್ತಿಗೆ ಎಣಿಸಲಿ. ಆಟದ ಸಾಮಾನು ಮಾಡಿಕೊಂಡರೆ ಅಜ್ಜಿಯ ಕೈಯಲ್ಲಿ ಪೆಟ್ಟು ತಿನ್ನಬೇಕಾದೀತು.) ಬಾಜೂ ಮನೆಯ ಅಜ್ಜನ ರುದ್ರಾಕ್ಷಿ ಮಾಲೆಯಲ್ಲಿ 108. ಯಾವುದು ದೊಡ್ಡದು, ಎಷ್ಟು ದೊಡ್ಡದು? ಲೆಕ್ಕವೂ ಆಯಿತು, ನೆರೆಮನೆಯ ಪರಿಚಯವೂ ಆಯಿತು.

ಮಗ್ಗಿಯ ವಿಷಯ ಅಂಗಡಿಕಾರರಿಗೆ ಹೇಳಿಕೊಡಬೇಕಿಲ್ಲ. ಹಿಂದಿನವರು ಪಾವಕಿ, ನಿಮಕಿ, ಸವಾಯಿ, ದೀಡಕಿ ಬಾಯಿಪಾಠ ಮಾಡಿಯೇ ಗಲ್ಲಾದ ಮುಂದೆ ಕೂಡುತ್ತಿದ್ದರು. ಐದು ವರ್ಷದವಳಿಗೆ ಅಷ್ಟು ಬೇಡ. ಪಾವಕಿಲೋ ಸಕ್ಕರಿ ನಾಲ್ಕು ಸಲ ಹಾಕಿದರೆ ತಕ್ಕಡಿಯಲ್ಲಿ ಒಂದು ಕಿಲೋ ಸಮ ಆಗುವುದನ್ನು ಕಣ್ಣಾರೆ ನೋಡಿದರೆ ಸಾಕು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಯಾವ ಅಂಗಡಿಯವರೂ ಇಲ್ಲ ಅನ್ನುವುದಿಲ್ಲ. ರಬಕವಿ-ಬನಹಟ್ಟಿಯಲ್ಲಂತೂ ಮಗ್ಗದ ಸದ್ದು ಕೇಳದ ಓಣಿ ಅಪರೂಪ. ಹಾಸು ಎಷ್ಟು ಎಳೆ, ಹೊಕ್ಕು ಹೇಗೆ ಬರುತ್ತದೆ, ಲಾಳಿ ಅತ್ತ ಹೋಗಿ ಇತ್ತ ಬಂದರೆ ಎಷ್ಟು ಸಲವಾಯಿತು. ಸೀರೆಯ ಅಂಚಿನ ಕೆಂಪು-ಹಸಿರು-ಕೆಂಪು-ಹಸಿರು ನೋಡಿ “ಮುಂದಿಂದು ಯಾವ ಬಣ್ಣ?” ಎಂದು ಕೇಳಿದರೆ ಅದೂ ಗಣಿತವೇ.

ಗೋಡೆಯ ಕ್ಯಾಲೆಂಡರ್

ಧರ್ಮದ ಪಾಠಕ್ಕೆ ಬೇರೆ ಪೀರಿಯಡ್ಡು ಯಾಕೆ? ಕ್ಯಾಥೋಲಿಕ್ ಮನೆಯ ವರ್ಷವೇ ಒಂದು ಪಠ್ಯಕ್ರಮ. ಕ್ರಿಸ್ಮಸ್ಸಿಗೆ ಮುಂಚೆ ಆಗಮನಕಾಲದ ನಾಲ್ಕು ಭಾನುವಾರ, ನಾಲ್ಕು ಮೇಣದಬತ್ತಿ, ವಾರಕ್ಕೊಂದು ಹಚ್ಚುವುದು. ತಪಸ್ಸುಕಾಲದ ನಲವತ್ತು ದಿನ. ಈಸ್ಟರ್ ಯಾವಾಗ? ಮಾರ್ಚ್ 21ರಂದು ಅಥವಾ ಅದರಾಚೆ ಬರುವ ಹುಣ್ಣಿಮೆಯ ನಂತರದ ಭಾನುವಾರ. ಚಂದ್ರನನ್ನು ನೋಡಿ ಹಬ್ಬ ಮಾಡುವ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕೇ? 2026ರಲ್ಲಿ ಏಪ್ರಿಲ್ 5, ದವನದ ಹುಣ್ಣಿಮೆಯ ಬೆನ್ನಿಗೆ. 2027ರಲ್ಲಿ ಮಾರ್ಚ್ 28, ಹೋಳಿ ಹುಣ್ಣಿಮೆಯ ಬೆನ್ನಿಗೆ. ಮಗಳನ್ನು ಮಾಳಿಗೆಯ ಮೇಲೆ ಕರೆದೊಯ್ದು ಚಂದ್ರ ತೋರಿಸಿದರೆ ವಿಜ್ಞಾನ, ಧರ್ಮ ಎರಡೂ ಒಂದೇ ರಾತ್ರಿಯಲ್ಲಿ ಆದವು.

ಕರಾವಳಿಯ ಕ್ಯಾಥೋಲಿಕರು ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಳ ಜನ್ಮದಿನದಂದು ಹೊಸ ಭತ್ತದ ತೆನೆ ಮನೆಗೆ ತರುತ್ತಾರೆ. ಮೊಂತಿ ಹಬ್ಬ. ಇಲ್ಲಿ ಭತ್ತ ಎಲ್ಲಿಂದ ತರೋದು? ಸಜ್ಜೆ ತೆನೆ ತಂದರೆ ದೇವಮಾತೆ ಸಿಟ್ಟಾಗಲಾರಳು. ಮೇ 1 ಕಾರ್ಮಿಕ ಸಂತ ಜೋಸೆಫರ ದಿನ, 1955ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಗೊತ್ತು ಮಾಡಿದ್ದು. ಜೋಸೆಫ್ ಬಡಿಗ. ಅವತ್ತು ಬಡಿಗೇರ ಅಂಗಡಿಗೆ ಒಂದು ಸುತ್ತು, ಮಗ್ಗದವರಿಗೆ ಒಂದು ನಮಸ್ಕಾರ. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಮಕ್ಕಳು ಎತ್ತು ಮಾಡುವಾಗ ಈ ಕೂಸು ಕಿಟಕಿಯಲ್ಲಿ ನಿಂತು ನೋಡಬಾರದು, ಮಣ್ಣಿಗೆ ಕೈ ಹಾಕಬೇಕು.

ಪ್ರಥಮ ಪರಮಪ್ರಸಾದಕ್ಕೆ ಇನ್ನೂ ಹೊತ್ತಿದೆ. ತಿಳಿವಳಿಕೆ ಬಂದ ಮಗುವಿಗೆ, ಅಂದರೆ ಸುಮಾರು ಏಳು ವರ್ಷಕ್ಕೆ, ಕೊಡಬಹುದೆಂದು 1910ರಲ್ಲಿ ಹತ್ತನೇ ಪಿಯುಸ್ ಹೇಳಿದ್ದರು. ಮಕ್ಕಳಿಗೆ ತಂದೆ-ತಾಯಿಯೇ ಮೊದಲ ಗುರು ಎಂದು ವ್ಯಾಟಿಕನ್ ಮಹಾಸಭೆ 1965ರಲ್ಲಿ ಘೋಷಿಸಿದ್ದೂ ಹೌದು. ಹಾಗೆಂದು ಫಾದರ್ ಅವರನ್ನು ಬಿಟ್ಟು ಮನೆಯಲ್ಲೇ ಎಲ್ಲ ಮುಗಿಸಲು ಬರುವುದಿಲ್ಲ. ಸಿದ್ಧತೆಯನ್ನು ನೋಡಿಕೊಳ್ಳುವುದು ಧರ್ಮಗುರುಗಳ ಜವಾಬ್ದಾರಿಯೂ ಹೌದು.

ಬಸ್ಸೇ ತರಗತಿ

ತಿಂಗಳಿಗೊಂದು ದಿನ ಬಸ್ಸು ಹತ್ತಿಸಿ. ಹುಡುಗಿಗೆ 2023ರ ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಚಿಂತೆಯೂ ಇಲ್ಲ. ಬೋರ್ಡು ಓದುವುದು ಮೊದಲ ಪಾಠ. ಮುಧೋಳ ಎಂದು ಓದಿದಳೋ, ಮುಧೋಳಕ್ಕೇ ಹೋಗಲಿ. ತಿಮ್ಮಾಪುರದ ಕೇಂದ್ರದಲ್ಲಿ ಸಾಕುವ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತ್ತು. ಹತ್ತಿರದ ಬೆಳಗಲಿ ಕವಿ ರನ್ನನ ಊರು, ಸಾವಿರ ವರ್ಷದ ಹಿಂದೆ. ಬಳೆ ಮಾರುವ ಮನೆತನದಲ್ಲಿ ಹುಟ್ಟಿದವನು. ಬಳೆ ಅಂಗಡಿಯಲ್ಲಿ ನಿಂತಾಗ ಈ ಮಾತು ಹೇಳಿದರೆ ಕೂಸು ಮರೆಯುವುದಿಲ್ಲ.

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಕೂಡಿಸಿ, ಮೈ ಮುರಿದು 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾಯಿತು. ಅವರು 2018ರಲ್ಲಿ ತೀರಿಕೊಂಡರು. ಬೀಳಗಿ ಕಡೆ ಅದೇ ಕೃಷ್ಣೆಯ ಇನ್ನೊಂದು ಮುಖ, ಆಲಮಟ್ಟಿ ಹಿನ್ನೀರಿಗೆ ಹೊಲ-ಮನೆ ಬಿಟ್ಟು ಎದ್ದ ಊರುಗಳು. ಒಂದೇ ಹೊಳೆ ಒಂದು ಕಡೆ ಕೊಟ್ಟಿತು, ಇನ್ನೊಂದು ಕಡೆ ಕಸಿಯಿತು. ಐದು ವರ್ಷಕ್ಕೆ ಇದು ಪೂರ್ತಿ ತಿಳಿಯದಿದ್ದರೂ ನೀರನ್ನಾದರೂ ನೋಡಿರಲಿ.

ಆರು ತುಂಬಿದ ಮೇಲೆ

ಇಲ್ಲಿಂದ ಮುಂದೆ ಮಾತು ಗಂಭೀರ. ಆರರೊಳಗೆ ಮನೆಯಲ್ಲಿ ಕಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಹಿಡಿಯುವುದು 6ರಿಂದ 14ರವರೆಗಿನ ಮಕ್ಕಳನ್ನು. ಅದರ 10ನೇ ಕಲಮಿನ ಪ್ರಕಾರ ಮಗುವನ್ನು ನೆರೆಯ ಸಾಲಿಗೆ ಸೇರಿಸುವುದು ಪಾಲಕರ ಕರ್ತವ್ಯ. ಸೇರಿಸದಿದ್ದರೆ ಪಾಲಕರಿಗೆ ಶಿಕ್ಷೆ ಎಂದು ಕಾಯ್ದೆಯಲ್ಲಿ ಬರೆದಿಲ್ಲ. 2012ರಲ್ಲಿ ದಿಲ್ಲಿ ಹೈಕೋರ್ಟಿನ ಮುಂದೆ ಕೇಂದ್ರ ಸರ್ಕಾರ ಮನೆಪಾಠಕ್ಕೆ ಅಡ್ಡಿಯಿಲ್ಲ ಎಂದು ಹೇಳಿ ಆಮೇಲೆ ಮಾತು ಬದಲಿಸಿತು. ಹೀಗಾಗಿ ವಿಷಯ ಅರ್ಧಂಬರ್ಧ ನಿಂತಿದೆ. ಸಾಲಿ ಬಿಟ್ಟ ಮಕ್ಕಳ ಸಮೀಕ್ಷೆಗೆ ಮಾಸ್ತರರು ಬಾಗಿಲು ಬಡಿದರೆ “ಮನೀಯಾಗ ಕಲಸ್ತೀವ್ರಿ” ಅನ್ನುವುದಕ್ಕೆ ಕಾಗದದ ಆಧಾರ ಇಲ್ಲ.

ಮುಂದಕ್ಕೂ ಮನೆಪಾಠವೇ ಬೇಕೆಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್.ಐ.ಓ.ಎಸ್., ಇದೆ. ಅದರ ಎ, ಬಿ, ಸಿ ಹಂತಗಳು ಮೂರು, ಐದು, ಎಂಟನೇ ಇಯತ್ತೆಗೆ ಸಮ. ಹತ್ತನೇ ಇಯತ್ತೆಯ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ದಾರಿ ಇದೆ, ಆದರೆ ಒಂಟಿ ದಾರಿ. ವರ್ಗವಾಗುವ ನೌಕರಿ, ಹತ್ತಿರದಲ್ಲಿ ನೆಂಟರಿಲ್ಲ, ಕಲಿಸುವ ತಾಯಿಗೆ ಜ್ವರ ಬಂದರೆ ಸಾಲಿಗೇ ರಜೆ. ಜೊತೆಗೆ ಮಗಳಿಗೆ ಜಗಳಾಡಲು, ಕೂಡಿ ಉಣ್ಣಲು ವಾರಿಗೆಯವರು ಬೇಕು. ಒಂದು ವರ್ಷದ ಮನೆಪಾಠ ವರವಾದರೂ ಎಂಟು ವರ್ಷದ್ದು ಈ ಊರುಗಳಲ್ಲಿ ಕೂಸಿಗೆ ಭಾರವಾಗುವ ಸಂಭವವೇ ಹೆಚ್ಚು.

ಇನ್ನೊಂದು ಮಾತು. ಚಳಿಗಾಲಕ್ಕೆ ಕಾರ್ಖಾನೆಗಳ ಹಂಗಾಮು ಜೋರಾದಾಗ ಕಬ್ಬು ಕಡಿಯುವ ಗ್ಯಾಂಗುಗಳ ಸಂಗಡ ಮಕ್ಕಳೂ ಬರುತ್ತವೆ. ಗುಡಿಸಲ ಮುಂದೆ ತಂಗಿಯನ್ನು ಕಂಕುಳಲ್ಲಿ ಹೊತ್ತು ನಿಲ್ಲುವ ಆ ಹುಡುಗಿಯೂ ಸಾಲಿಯ ಹೊರಗೇ ಇದ್ದಾಳೆ, ಯಾರೂ ಅವಳಿಗೆ ಟೈಂಟೇಬಲ್ ಹಾಕಿಲ್ಲ. ಅಂಥವರಿಗಾಗಿ ಟೆಂಟ್ ಶಾಲೆಯ ವ್ಯವಸ್ಥೆ ಉಂಟು. ಕಾಯ್ದೆಯ 4ನೇ ಕಲಮು ಇಬ್ಬರಿಗೂ ಒಂದೇ. ಆರು ದಾಟಿಯೂ ಸಾಲಿ ಕಾಣದ ಮಗುವನ್ನು ವಯಸ್ಸಿಗೆ ತಕ್ಕ ಇಯತ್ತೆಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದದ್ದನ್ನು ವಿಶೇಷ ತರಬೇತಿಯಿಂದ ತುಂಬಬೇಕು. ಟಿ.ಸಿ. ಇಲ್ಲ, ತಡವಾಯಿತು ಎಂದು ವಾಪಸ್ ಕಳಿಸುವಂತಿಲ್ಲ. ಮನೆಯಲ್ಲಿ ಕಲಿತ ಕೂಸಿಗೂ, ಕಬ್ಬಿನ ಗದ್ದೆಯ ಕೂಸಿಗೂ ಬಾಗಿಲು ತೆರೆದಿರಬೇಕು. ಇದು ಗೊತ್ತಿರುವ ಪಾಲಕರು ಕಡಿಮೆ.

ಕಾಗದಪತ್ರ ಮಾತ್ರ ಈಗಲೇ ನೋಡಿಕೊಳ್ಳಿ. ಕ್ಯಾಥೋಲಿಕ್ ಮನೆಗಳಲ್ಲಿ ಜ್ಞಾನಸ್ನಾನದ ಚೀಟಿಯಲ್ಲಿ ಒಂದು ಹೆಸರು, ಜನನ ದಾಖಲೆಯಲ್ಲಿ ಇನ್ನೊಂದು ಇರುವುದುಂಟು. 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ, ಆ ದಿನ ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಸಾಲಿ ಸೇರಲು ಜನನ ಪ್ರಮಾಣಪತ್ರವೇ ಆಧಾರ. ಅದಕ್ಕೂ ಮೊದಲು ಹುಟ್ಟಿದವರಿಗೂ ಮಾಸ್ತರರು ಮೊದಲು ಕೇಳುವುದು ಅದನ್ನೇ. ಅಕ್ಷರ ತಪ್ಪಿದ್ದರೆ ಅರ್ಜಿ ಕೊಟ್ಟು ತಿದ್ದಿಸಿಕೊಳ್ಳಬೇಕು. ಮೇ ತಿಂಗಳ ಗದ್ದಲದಲ್ಲಿ ನಿಲ್ಲುವ ಬದಲು ಫೆಬ್ರುವರಿಯಲ್ಲೇ ಹೋದರೆ ಸಾಲು ಸಣ್ಣದಿರುತ್ತದೆ.