ಉದ್ದೀಪನ ಮದ್ದು ಮತ್ತು ದೇಹಬಲ

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂತಹ ಊರುಗಳಿಂದ ಕಾಲೇಜಿಗೆ ಬರುವ ತರುಣರಲ್ಲಿ ದೇಹಬಲದ ಹಂಬಲ ಸಹಜವಾದುದು. ಗರಡಿಮನೆಯ ಸಂಪ್ರದಾಯದಲ್ಲಿ ದಂಡ, ಬಸ್ಕಿಗಳ ಮೂಲಕ ಈ ಬಲವನ್ನು ವರ್ಷಗಟ್ಟಲೆ ಸಾಧಿಸುತ್ತಿದ್ದರು. ಆ ಕಾಲಾವಧಿಯನ್ನು ಮದ್ದಿನಿಂದ ಮೊಟಕುಗೊಳಿಸುವ ಯತ್ನವನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಭಾರವೆತ್ತಿದಾಗ ಸ್ನಾಯುತಂತುಗಳು ಆಯಾಸಗೊಳ್ಳುತ್ತವೆ. ವಿಶ್ರಾಂತಿಯಲ್ಲಿ ದೇಹವು ಪ್ರೋಟೀನಿನಿಂದ ಅವುಗಳನ್ನು ಮತ್ತೆ ಕಟ್ಟುತ್ತದೆ. ವೃಷಣಗಳು ಸ್ರವಿಸುವ ಟೆಸ್ಟೋಸ್ಟೆರೋನ್ ಈ ಕಟ್ಟುವಿಕೆಯನ್ನು ಚುರುಕುಗೊಳಿಸುತ್ತದೆ. 1935ರಲ್ಲಿ ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಲಾಯಿತು. ಇದನ್ನೇ ಹೋಲುವ ಮೆಥಾಂಡಿಯನೋನ್ 1958ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದು, ಭಾರ ಎತ್ತುವವರಲ್ಲಿ ಬೇಗ ಹಬ್ಬಿತು. ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಟೀರಾಯ್ಡುಗಳ ಪರೀಕ್ಷೆ ಮೊದಲಾದುದು 1976ರಲ್ಲಿ, ಮಾಂಟ್ರಿಯಲ್‌ನಲ್ಲಿ.

ಮದ್ದಿಗೆ ಶಕ್ತಿಯಿಲ್ಲವೆಂದು ಹೇಳುವುದು ಸತ್ಯವಾಗದು. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಲವು ಪುರುಷರಿಗೆ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟೆರೋನ್ ಅನ್ನು 10 ವಾರ ಕೊಡಲಾಯಿತು. ಮದ್ದಿಲ್ಲದೆ ವ್ಯಾಯಾಮ ಮಾಡಿದವರ ಕೊಬ್ಬುರಹಿತ ದೇಹತೂಕ ಸುಮಾರು 2 ಕಿಲೋ ಹೆಚ್ಚಿತು. ವ್ಯಾಯಾಮವಿಲ್ಲದೆ ಮದ್ದು ಪಡೆದವರದು ಸುಮಾರು 3 ಕಿಲೋ. ಎರಡೂ ಕೂಡಿದಲ್ಲಿ 6 ಕಿಲೋ. ಆಮಿಷದ ಮೂಲ ಇಲ್ಲಿದೆ.

ಆದರೆ ಹೊರಗಿನಿಂದ ಹಾರ್ಮೋನು ಬಂದೊಡನೆ ಮೆದುಳಿನ ಬುಡದ ಗ್ರಂಥಿಯು ವೃಷಣಗಳಿಗೆ ಕೊಡುವ ಪ್ರಚೋದನೆಯನ್ನು ತಗ್ಗಿಸುತ್ತದೆ. ಅದರಿಂದ ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳು ಕ್ಷೀಣಿಸುತ್ತವೆ. ರಕ್ತದಲ್ಲಿನ ಹಿತಕರ ಕೊಲೆಸ್ಟರಾಲ್ ಇಳಿಯುತ್ತದೆ, ಹೃದಯಸ್ನಾಯು ದಪ್ಪವಾಗಬಹುದು. ನುಂಗುವ ಬಗೆಗಳು ಯಕೃತ್ತಿಗೆ ಕೇಡು. ಸ್ತ್ರೀಯರ ಧ್ವನಿ ಒಡೆದು ಗಡಸಾದರೆ ಮರಳಿ ಮೊದಲಿನಂತಾಗದಿರಬಹುದು. ಬೆಳೆಯುವ ವಯಸ್ಸಿನವರಲ್ಲಿ ಎಲುಬಿನ ತುದಿಗಳು ಅಕಾಲದಲ್ಲಿ ಕೂಡಿಕೊಂಡು ಎತ್ತರ ನಿಲ್ಲುತ್ತದೆ.

ಅರಿಯದೆ ಸೇವಿಸಿದರೆ ಏನಾದೀತು? ಇದಕ್ಕೆ ಕನ್ನಡನಾಡಿನ ನಿದರ್ಶನವು ಭಾರ ಎತ್ತುವವರದಲ್ಲ, ಓಟಗಾರ್ತಿಯೊಬ್ಬರದು. ಆದರೆ ಮದ್ದಿನ ಜಾತಿ ಒಂದೇ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿಯವರು 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಎರಡು ಚಿನ್ನದ ಪದಕ ಗಳಿಸಿದ್ದರು. 2011ರ ಪರೀಕ್ಷೆಯಲ್ಲಿ ಅವರ ಮಾದರಿಯಲ್ಲಿ ಸ್ಟೀರಾಯ್ಡ್ ಕಂಡುಬಂದಿತು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಪೂರಕವೇ ಕಾರಣವೆಂದು ಅವರು ವಾದಿಸಿದರು. ಭಾರತದ ಶಿಸ್ತು ಮಂಡಳಿ ಒಂದು ವರ್ಷದ ನಿಷೇಧ ವಿಧಿಸಿತು; 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು.

ಈ ನಿಯಮವು ಕಠೋರವೆಂದು ತೋರಬಹುದು. ಆದರೆ 'ತಿಳಿದಿರಲಿಲ್ಲ' ಎಂಬ ಮಾತೊಂದೇ ಬಿಡುಗಡೆಗೆ ಸಾಕಾದರೆ ತಿಳಿದೂ ಸೇವಿಸಿದವರೆಲ್ಲ ಅದನ್ನೇ ಆಡಿಯಾರು. ಆದ್ದರಿಂದ ದೇಹದೊಳಗೆ ಹೋದುದಕ್ಕೆ ಕ್ರೀಡಾಪಟುವೇ ಹೊಣೆ. ಡಬ್ಬಿಯ ಮೇಲಿನ ಬರಹ ಒಳಗಿನ ಪುಡಿಗೆ ಸಾಕ್ಷಿಯಲ್ಲ. ಗುರುವಿನ ಮಾತೂ ಪರೀಕ್ಷೆಗೆ ಹೊರತಲ್ಲ. ಇದನ್ನು ನಮ್ಮ ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.