ಕೊರಳ ಹಾರದಂಥ ಸಂಖ್ಯೆ

ಸಂಖ್ಯೆಯೆಂದರೆ ಕೊಡುಕೊಳ್ಳುವ ವ್ಯವಹಾರದ ಸಾಧನವೆಂದು ಮಾತ್ರ ತಿಳಿದವರಿಗೆ ಅದರಲ್ಲಿಯೂ ಚೆಲುವುಂಟೆಂದರೆ ನಗು ಬರಬಹುದು. ಸುಮಾರು ಕ್ರಿ.ಶ. ೮೫೦ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಹಾಗೆ ತಿಳಿದವನಲ್ಲ. ಗುಣಾಕಾರವನ್ನು ಕಲಿಸುವಾಗ ಆತನು ಕೆಲವು ಗುಣಲಬ್ಧಗಳನ್ನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಬರುವ ೧೨೩೪೫೬೫೪೩೨೧ ಆತನ ಉದಾಹರಣೆಗಳಲ್ಲೊಂದು. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಈ ಸಂಖ್ಯೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

ಹೊರಗಿನ ಈ ಚೆಲುವಿಗಿಂತಲೂ ಒಳಗಿನ ಕಟ್ಟಡ ಸೋಜಿಗವಾದುದು. ಇದು ೧೧೧೧೧೧ರ ವರ್ಗ. ಆ ೧೧೧೧೧೧ ಆದರೋ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಆದುದರಿಂದ ನಮ್ಮ ಸಂಖ್ಯೆಯಲ್ಲಿ ಅವು ಒಂದೊಂದೂ ಎರಡೆರಡು ಬಾರಿ ಸೇರಿವೆ. ಭಾಜಕಗಳು ಒಟ್ಟು ೨೪೩.

ಒಂದು ಸಂಖ್ಯೆಯ ಭಾಜಕಗಳಲ್ಲಿ ಅದನ್ನೇ ಬಿಟ್ಟು ಮಿಕ್ಕವನ್ನು ಕೂಡಿದಾಗ ಮೊತ್ತವು ಆ ಸಂಖ್ಯೆಯನ್ನು ಮೀರಿದರೆ ಅದು ‘ಅಧಿಕ’, ಮುಟ್ಟದಿದ್ದರೆ ‘ನ್ಯೂನ’. ಇದು ಪ್ರಾಚೀನ ಗ್ರೀಕರು ಮಾಡಿದ ವಿಭಾಗ. ೩೭ನ್ನು ಬಿಟ್ಟರೆ ಉಳಿದ ನಾಲ್ಕರ ಗುಣಲಬ್ಧ ೩೦೦೩. ಅದರ ವರ್ಗ ೯೦೧೮೦೦೯ ಕೇವಲ ೮೧೯ರ ಕೊರತೆಯಿಂದ ನ್ಯೂನವಾಗಿದೆ! ೩೭ರ ವರ್ಗ ಬಂದು ಕೂಡಿದೊಡನೆ ನಮ್ಮ ಸಂಖ್ಯೆ ಅಧಿಕಗಳ ಪಂಕ್ತಿಗೆ ಸೇರುತ್ತದೆ. ಬೆಸಸಂಖ್ಯೆಗಳಲ್ಲಿ ಅಧಿಕವಾದವು ವಿರಳ. ಅವುಗಳಲ್ಲಿ ಮೊದಲನೆಯದೇ ೯೪೫.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಕೆಲವು ಹುಡುಗರಿಗೆ ಇದನ್ನು ನಾನು ಬರೆದು ತೋರಿಸಿದಾಗ ಒಬ್ಬನು, “ಒಂದುಗಳನ್ನು ಎಷ್ಟು ಸೇರಿಸಿದರೂ ಹೀಗೇ ಬರುತ್ತದಾ, ಮೇಷ್ಟ್ರೇ?” ಎಂದನು. “ಬಂದೇ ಬರುತ್ತದೆ” ಎಂದರು ಉಳಿದವರು. ಏಳು, ಎಂಟು, ಒಂಬತ್ತು ಒಂದುಗಳವರೆಗೆ ಅವರದೇ ಗೆಲುವು. ಹತ್ತು ಒಂದುಗಳನ್ನಿಟ್ಟು ವರ್ಗ ಮಾಡಿದಾಗ ಬಂದುದು ೧೨೩೪೫೬೭೯೦೦೯೮೭೬೫೪೩೨೧. ಹಾರ ನಡುವೆಯೇ ಕಡಿದುಹೋಗಿತ್ತು.

ಕಾರಣವನ್ನು ಹುಡುಗರೇ ಹುಡುಕಿದರು. ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸಿ ಬರೆದು ಕೂಡುವಾಗ ನಡುವಣ ಕಂಬಸಾಲಿನಲ್ಲಿ ಹತ್ತು ಒಂದುಗಳು ನಿಲ್ಲುತ್ತವೆ. ಅಲ್ಲಿ ಸೊನ್ನೆ ಉಳಿದು, ಕೈಯಲ್ಲಿನ ಒಂದು ಎಡಕ್ಕೆ ಹೋಗಿ ಅಲ್ಲಿಯ ಒಂಬತ್ತನ್ನೂ ಹತ್ತಾಗಿಸುತ್ತದೆ.

ಒಂಬತ್ತು ಬಾರಿ ನಿಜವಾದುದು ಹತ್ತನೆಯ ಬಾರಿಯೂ ನಿಜವಾಗಲೇಬೇಕೆಂಬ ನಿಯಮವಿಲ್ಲ. ಇಂದು ಅಂಗೈಯೊಳಗಣ ಯಂತ್ರ ಗುಣಲಬ್ಧವನ್ನು ಕ್ಷಣದಲ್ಲಿ ಕೊಡುತ್ತದೆ; ಆದರೆ ಸಂಶಯಪಡುವ ಕೆಲಸ ಮನುಷ್ಯನಿಗೇ ಮೀಸಲು. ಆ ಹುಡುಗನಿಗೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುವುದೋ ಬರಲಿ. ಕೇಳುವ ಧೈರ್ಯವನ್ನು ನಾವು, ಉಪಾಧ್ಯಾಯರು, ಅವನಿಂದ ಕಸಿದುಕೊಳ್ಳದಿದ್ದರೆ ಸಾಕು.