ಖಾಸಗಿ ಚೀಟಿಯಲ್ಲೇ ಉಳಿದುಹೋದ ಕ್ಷಯ

2014ರಲ್ಲಿ ದೇಶದ ಔಷಧಿ ಅಂಗಡಿಗಳಲ್ಲಿ ಎಷ್ಟು ಟಿಬಿ ಮಾತ್ರೆ ಮಾರಾಟವಾಯಿತು ಎಂಬ ಲೆಕ್ಕವನ್ನು ಹಿಡಿದು ಕೆಲವು ಸಂಶೋಧಕರು ಕೂತರು. ಅವರ ಅಂದಾಜು 2016ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂತು. ಆ ಒಂದೇ ವರ್ಷ ಸುಮಾರು 22 ಲಕ್ಷ ಕ್ಷಯರೋಗಿಗಳು ಖಾಸಗಿ ವೈದ್ಯರ ಬಳಿ ಚಿಕಿತ್ಸೆ ಪಡೆದಿರಬೇಕು, ಅಂದರೆ ಅಲ್ಲಿಯವರೆಗೆ ಅಂದುಕೊಂಡಿದ್ದರ ಎರಡು-ಮೂರು ಪಟ್ಟು. ಇವರಲ್ಲಿ ಬಹುಪಾಲು ಜನರ ಹೆಸರು ಸರ್ಕಾರದ ದಾಖಲೆಯಲ್ಲಿರಲಿಲ್ಲ. ಮಾತ್ರೆ ಖರ್ಚಾಗಿದೆ, ನುಂಗಿದವರು ಯಾರು, ಕೊನೆಯವರೆಗೆ ನುಂಗಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ನಿಯಮ ಇರಲಿಲ್ಲವೆಂದಲ್ಲ. ಟಿಬಿ ಪತ್ತೆಯಾದರೆ ಖಾಸಗಿಯವರೂ ಸರ್ಕಾರಕ್ಕೆ ತಿಳಿಸಲೇಬೇಕೆಂಬ ಆದೇಶ 2012ರಲ್ಲೇ ಹೊರಟಿತ್ತು. ಅದಕ್ಕೆಂದೇ ನಿಕ್ಷಯ್ ಎಂಬ ಪೋರ್ಟಲ್ಲೂ ಶುರುವಾಗಿತ್ತು. ಆದರೂ 2013ರಲ್ಲಿ ಇಡೀ ದೇಶದ ಖಾಸಗಿ ವಲಯದಿಂದ ಬಂದ ವರದಿಗಳು 40 ಸಾವಿರವನ್ನೂ ಮುಟ್ಟಲಿಲ್ಲ.

ವೈದ್ಯರ ಕಡೆಯಿಂದ ನೋಡಿದರೆ ಕಾರಣ ಹುಡುಕಬೇಕಿಲ್ಲ. ಕಿಕ್ಕಿರಿದ ಕ್ಲಿನಿಕ್ಕಿನಲ್ಲಿ ಫಾರಂ ತುಂಬಲು ಪುರುಸೊತ್ತಿಲ್ಲ. ಹೆಸರು ಕೊಟ್ಟರೆ ರೋಗಿಯನ್ನು ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಾರೆಂಬ ಅಳುಕು ಬೇರೆ. ಆದರೆ ಕ್ಷಯ ಒಬ್ಬ ವೈದ್ಯರ ಕೈಗೆ ನಿಲುಕುವ ಕಾಯಿಲೆಯಲ್ಲ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಎರಡನೇ ತಿಂಗಳಿಗೆ ಕೆಮ್ಮು ನಿಂತು ಮೈ ಸ್ವಲ್ಪ ತುಂಬಿಕೊಂಡರೆ ಮಾತ್ರೆ ಬಿಡುವವರು ಬಹಳ. ಹಾಗೆ ಬಿಟ್ಟವರಲ್ಲಿ ಮದ್ದಿಗೆ ಬಗ್ಗದ ಟಿಬಿ ತಲೆ ಎತ್ತಬಹುದು. ಮನೆ ಹುಡುಕಿಕೊಂಡು ಹೋಗಿ ವಿಚಾರಿಸಲು, ಮನೆಯ ಮಕ್ಕಳಿಗೂ ತಪಾಸಣೆ ಮಾಡಿಸಲು ಬೇಕಾದ ಆಶಾ ಕಾರ್ಯಕರ್ತೆ, ಟಿಬಿ ಹೆಲ್ತ್ ವಿಸಿಟರ್ ಇರುವುದು ಸರ್ಕಾರದ ಬಳಿ. ರೋಗಿ ಒಂದು ಕಡೆ, ಕಾಲಾಳು ಇನ್ನೊಂದು ಕಡೆ.

ಹಾಗೆಂದು ಸರ್ಕಾರಿ ವ್ಯವಸ್ಥೆ ಬೀಗುವಂತೆಯೂ ಇಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದುವಂಥದ್ದು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ತಾವಾಗಿ ಆಸ್ಪತ್ರೆ ಮೆಟ್ಟಿಲು ಹತ್ತಿದ್ದರು. ಅನೇಕರನ್ನು ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು. ಜನ ಖಾಸಗಿ ಬಾಗಿಲಿಗೆ ಸುಮ್ಮನೆ ಹೋದವರಲ್ಲ.

ಗಂಟು ಸಡಿಲವಾಗತೊಡಗಿದ್ದು 2014ರ ಸುಮಾರಿಗೆ, ಮುಂಬೈ, ಪಾಟ್ನಾ ಮತ್ತು ಗುಜರಾತಿನ ಮೆಹ್ಸಾಣಾದಲ್ಲಿ. ಅಲ್ಲಿ ರೋಗಿ ತನ್ನ ವೈದ್ಯರನ್ನು ಬಿಡಬೇಕಿರಲಿಲ್ಲ. ಹೆಸರು ನೋಂದಾಯಿಸಿದರೆ ವೋಚರ್ ಸಿಗುತ್ತಿತ್ತು. ಅದನ್ನು ತೋರಿಸಿದರೆ ಹತ್ತಿರದ ಮೆಡಿಕಲ್ ಶಾಪಿನಲ್ಲೇ ಮಾತ್ರೆ ಉಚಿತ. ಮುಂದೆ, ವರದಿ ಮಾಡಿದ ಖಾಸಗಿ ವೈದ್ಯರಿಗೆ 500 ರೂಪಾಯಿ, ಚಿಕಿತ್ಸೆಯ ಫಲಿತಾಂಶ ತಿಳಿಸಿದರೆ ಇನ್ನೂ 500 ಕೊಡುವ ಪದ್ಧತಿ ಬಂತು. 2018ರ ಮಾರ್ಚ್‌ನಲ್ಲಿ ಜೈಲಿನ ಬೆದರಿಕೆಯೂ ಸೇರಿಕೊಂಡಿತು. 2019ರಲ್ಲಿ ಖಾಸಗಿ ವರದಿಗಳು 6.78 ಲಕ್ಷಕ್ಕೆ ಏರಿದವು. 2023ರಲ್ಲಿ ದೇಶದ ಒಟ್ಟು 25.5 ಲಕ್ಷದಲ್ಲಿ ಮೂರನೇ ಒಂದು ಪಾಲು ಖಾಸಗಿಯದು. ನನ್ನ ಮಟ್ಟಿಗೆ ಇದು ಬೆದರಿಕೆಯ ಫಲವಲ್ಲ, ಕೊಟ್ಟ ಮಾಹಿತಿಗೆ ಪ್ರತಿಯಾಗಿ ಏನಾದರೂ ಸಿಕ್ಕಿದ್ದರ ಫಲ.

ಇನ್ನು ರೋಗಿಯ ಭಯ. ನಿಕ್ಷಯ್‌ನಲ್ಲಿ ಅವರ ಹೆಸರು, ವಿಳಾಸ, ಫೋನು, ಪೌಷ್ಟಿಕ ಆಹಾರದ ಹಣಕ್ಕಾಗಿ ಬ್ಯಾಂಕ್ ಖಾತೆ ಎಲ್ಲವೂ ದಾಖಲಾಗುತ್ತದೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರುಗಳ ಮೇಲೇ ದಾಳಿಯಾಗಿದ್ದನ್ನು ಕಂಡ ಮೇಲೆ ಈ ಭಯ ಹುಸಿ ಎನ್ನುವಂತಿಲ್ಲ. ಅದಕ್ಕಿಂತ ದೊಡ್ಡ ಭಯ ಬೀದಿಯದು. ಮದುವೆಗೆ ಬಂದ ಮಗಳಿರುವ ಮನೆ ಮುಂದೆ ಇಲಾಖೆಯ ಜೀಪು ನಿಂತರೆ ಸಾಕು, ಊರಿಗೆಲ್ಲ ಸುದ್ದಿ. ಬರುವ ಮೊದಲು ಒಂದು ಫೋನು ಮಾಡಿ, ಎಲ್ಲಿ ಭೇಟಿಯಾಗೋಣವೆಂದು ಕೇಳುವುದಕ್ಕೆ ಯಾವ ಹೊಸ ಕಾನೂನೂ ಬೇಡ.

ಖಾಸಗಿಯಲ್ಲಿ ಟಿಬಿ ಚಿಕಿತ್ಸೆ ಪಡೆಯುತ್ತಿರುವವರು ತಮ್ಮ ವೈದ್ಯರನ್ನು ನಿಕ್ಷಯ್ ಐಡಿ ಕೇಳಿ ಪಡೆಯಿರಿ. ವೈದ್ಯರನ್ನು ಬದಲಿಸಬೇಕಿಲ್ಲ. ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 500 ರೂಪಾಯಿ ಇದ್ದ ಆಹಾರದ ನೆರವು 2024ರ ನವೆಂಬರಿನಿಂದ 1,000 ಆಗಿದೆ. ಅದು ಖಾಸಗಿಯಲ್ಲಿ ನೋಂದಾಯಿತರಾದವರಿಗೂ ಸಲ್ಲುತ್ತದೆ.